ಸಂತೆಗೆ ಬಂದ ಕೊಕ್ಕೆ

ಶನಿವಾರಸಂತೆ. ಉತ್ತರ ಕೊಡಗಿನ, ಸೋಮವಾರಪೇಟೆ ತಾಲ್ಲೂಕಿನ ಈ ಊರಿನ ಹೆಸರನ್ನು ಒಮ್ಮೆ ಬಿಡಿಸಿ ನೋಡಿ. ಶನಿವಾರದ ಸಂತೆ, ಶನಿವಾರಸಂತೆ. ವಾರದ ಸಂತೆಯೇ ಊರಿನ ಹೆಸರಾಗಿ ನಿಂತಿತು, ಸರಿ. ಆದರೆ ನಡುವೆ ಇದ್ದ ‘ದ’ ಎಲ್ಲಿ ಹೋಯಿತು? ಸಮಾಸವಾಗುವಾಗ ವಿಭಕ್ತಿ ಪ್ರತ್ಯಯ ಲೋಪವಾಗುತ್ತದೆ ಎಂದು ಕನ್ನಡ ಮೇಷ್ಟ್ರು ಹೇಳಿಕೊಡುತ್ತಾರೆ. ಲೋಪವಾದ ಜಾಗದಲ್ಲಿ ಕನ್ನಡ ಒಂದು ಗುರುತನ್ನೂ ಉಳಿಸಿಲ್ಲ. ಹಾಗೆಂದು ಸಂತೆಗೆ ಹೊರಟವರು ಯಾರೂ ದಾರಿ ತಪ್ಪಿಲ್ಲ.

ಇದೇ ಹೆಸರು ಇಂಗ್ಲಿಷಿನಲ್ಲಿ ಹುಟ್ಟಿದ್ದರೆ ಶನಿವಾರದ ತಲೆಯ ಪಕ್ಕದಲ್ಲಿ ಒಂದು ಪುಟ್ಟ ಕೊಕ್ಕೆ ತೂಗುತ್ತಿತ್ತೋ ಏನೋ. ಅದರ ಹೆಸರು ಅಪಾಸ್ಟ್ರಫಿ. ನೋಡಲು ಅಲ್ಪವಿರಾಮ ಚಿಹ್ನೆಯೇ ಏಣಿ ಹತ್ತಿ ಮೇಲೆ ಕುಳಿತಂತೆ. ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಈ ಕೊಕ್ಕೆ ಕೊಟ್ಟಷ್ಟು ಕಾಟವನ್ನು ಬೇರೆ ಚಿಹ್ನೆಗಳು ಕೊಟ್ಟಿರಲಾರವು. ಅದರಲ್ಲೂ ಮೊಟಕು ಹೆಸರುಗಳಿಗೆ ಬಹುವಚನ ಹಚ್ಚುವಾಗ!

ಮೊಟಕು ಹೆಸರುಗಳ ಕಾಲ

ಇಂದು ಯಾವ ಹಳ್ಳಿಯ ದಿನಚರಿಯೂ ಮೊಟಕು ಹೆಸರುಗಳಿಲ್ಲದೆ ಸಾಗದು. ಜಮೀನಿಗೆ ಆರ್.ಟಿ.ಸಿ., ಪಂಚಾಯಿತಿಗೆ ಪಿ.ಡಿ.ಓ., ಹಣಕ್ಕೆ ಎ.ಟಿ.ಎಂ., ಮತಕ್ಕೆ ಎಂ.ಎಲ್.ಎ. ಮತ್ತು ಎಂ.ಪಿ. ಕೊಡಗಿನ ವಾಹನವೆಂದರೆ ಅದರ ಹಣೆಯಲ್ಲಿ ಕೆ.ಎ. 12. ಕಾಫಿ ತೋಟಕ್ಕೆ ಹೋದರೆ ಗಿಡಕ್ಕೂ ಇನಿಷಿಯಲ್ಲು: ಅರೇಬಿಕಾ ಬೆಳೆಗಾರರ ಬಾಯಲ್ಲಿ ಎಸ್. 795 ಮನೆಯ ಮಗನ ಹೆಸರಿನಷ್ಟು ಸಲೀಸು.

ಇವಕ್ಕೆಲ್ಲ ಕನ್ನಡದಲ್ಲಿ ಬಹುವಚನ ಮಾಡುವುದು ನೀರು ಕುಡಿದಷ್ಟು ಸುಲಭ. ‘ಗಳು’ ಎಂದು ಸೇರಿಸಿದರೆ ಮುಗಿಯಿತು. ಎಂ.ಪಿ.ಗಳು, ಆರ್.ಟಿ.ಸಿ.ಗಳು, ಎ.ಟಿ.ಎಂ.ಗಳು. ಈ ‘ಗಳು’ ನಿನ್ನೆ ಮೊನ್ನೆಯದಲ್ಲ. ಹಳಗನ್ನಡದ ‘ಗಳ್’ ಪ್ರತ್ಯಯವನ್ನು 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ವಿವರಿಸಿದ್ದಾನೆ. ಅಷ್ಟು ಹಳೆಯ ಪ್ರತ್ಯಯ ಇಂದು ಎ.ಟಿ.ಎಂ. ಯಂತ್ರಕ್ಕೂ ಗೊಣಗದೆ ಅಂಟಿಕೊಳ್ಳುತ್ತದೆ. ಅಂಕಿಯ ಹಿಂದೆಯಾದರೆ ಅದೂ ಬೇಡ. ‘ನಾಲ್ಕು ಕಾಯಿ ಕೊಡಿ’ ಎಂದಂತೆಯೇ ‘ನಾಲ್ಕು ಆರ್.ಟಿ.ಸಿ. ಕೊಡಿ’ ಎಂದರೂ ಕೌಂಟರಿನಲ್ಲಿದ್ದವರಿಗೆ ತಿಳಿಯುತ್ತದೆ.

ತಮಾಷೆಯ ಸಂಗತಿಯೂ ಒಂದುಂಟು. ಶಾಸಕ ಎಂಬ ಪದ ಬಹುವಚನದಲ್ಲಿ ‘ಶಾಸಕರು’ ಆಗುತ್ತದೆ. ಮನುಷ್ಯರಿಗೆ ಸಲ್ಲುವ ‘ರು’ ಅದು. ಅದೇ ವ್ಯಕ್ತಿ ಎಂ.ಎಲ್.ಎ. ಆದೊಡನೆ ‘ಎಂ.ಎಲ್.ಎ.ಗಳು’ ಆಗಿ ಮರಗಳು, ಮನೆಗಳು ಇರುವ ಸಾಲಿಗೆ ಬಂದು ನಿಲ್ಲುತ್ತಾರೆ! ಗೌರವ ಬೇಕೆಂದಾಗ ಒಬ್ಬರೇ ಇದ್ದರೂ ‘ಎಂ.ಎಲ್.ಎ.ಯವರು ಬಂದರು’ ಎನ್ನುವ ದಾಕ್ಷಿಣ್ಯ ಕನ್ನಡಕ್ಕಿದೆ.

ಒಂದೇ ದನಿ, ಮೂರು ಕೆಲಸ

ಇಂಗ್ಲಿಷಿನ ಕಷ್ಟವೇ ಬೇರೆ. ಎಂ.ಪಿ.ಗಳು, ಎಂ.ಪಿ.ಯ, ಎಂ.ಪಿ.ಗಳ: ಕನ್ನಡದಲ್ಲಿ ಈ ಮೂರೂ ಕಿವಿಗೆ ಬೇರೆ ಬೇರೆಯಾಗಿಯೇ ಕೇಳಿಸುತ್ತವೆ. ಇಂಗ್ಲಿಷಿನಲ್ಲಿ ಮೂರಕ್ಕೂ ‘ಎಂಪೀಸ್’ ಎಂಬ ಒಂದೇ ಉಚ್ಚಾರಣೆ. ಕಿವಿಗೆ ಇಲ್ಲದ ವ್ಯತ್ಯಾಸವನ್ನು ಕಣ್ಣಿಗೆ ತೋರಿಸುವ ಹೊಣೆ ಪಾಪ, ಆ ಕೊಕ್ಕೆಯದು. ಹಲವು ಎಂ.ಪಿ.ಗಳಿದ್ದರೆ ಬರಿಯ ‘ಎಸ್’ ಅಕ್ಷರ, ಕೊಕ್ಕೆ ಬೇಡ. ಒಬ್ಬ ಎಂ.ಪಿ.ಗೆ ಸೇರಿದ್ದಾದರೆ ‘ಎಸ್’ಗಿಂತ ಮೊದಲು ಕೊಕ್ಕೆ. ಹಲವು ಎಂ.ಪಿ.ಗಳಿಗೆ ಸೇರಿದ್ದಾದರೆ ‘ಎಸ್’ ಆದ ಮೇಲೆ ಕೊಕ್ಕೆ. ಇಷ್ಟೇ ನಿಯಮ.

ಇದು ಬರಿಯ ಚುಕ್ಕಿ ಗೆರೆಯ ಜಗಳ ಎಂದು ತಳ್ಳಿಹಾಕುವಂತಿಲ್ಲ. ಸ್ವಸಹಾಯ ಸಂಘವನ್ನು ಕಚೇರಿಯ ಕಾಗದಗಳಲ್ಲಿ ಎಸ್.ಎಚ್.ಜಿ. ಎನ್ನುತ್ತಾರೆ. ಅದರ ಬಾಕಿ ಸಾಲದ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಬಂದಿದೆ ಎಂದಿಟ್ಟುಕೊಳ್ಳಿ. ಕೊಕ್ಕೆ ಮೊದಲಿದ್ದರೆ ಒಂದು ಸಂಘದ ಬಾಕಿ, ಕೊನೆಗಿದ್ದರೆ ಊರಿನ ಅಷ್ಟೂ ಸಂಘಗಳ ಬಾಕಿ. ಬಹುವಚನಕ್ಕೂ ಕೊಕ್ಕೆ ಹಾಕುವ ಅಭ್ಯಾಸವಿರುವವರು ಬರೆದ ಪತ್ರವಾದರೆ ಓದಿದವರಿಗೆ ಯಾವುದೆಂದು ತಿಳಿಯುವ ಬಗೆ ಹೇಗೆ? ‘ಸಂಘದ ಸಾಲ’, ‘ಸಂಘಗಳ ಸಾಲ’ ಎಂದು ಕನ್ನಡದಲ್ಲಿ ಬರೆದಿದ್ದರೆ ಈ ಗೊಂದಲವೇ ಇರುತ್ತಿರಲಿಲ್ಲ.

ತಪ್ಪಿಗೆ ತರಕಾರಿಯವರ ಹೆಸರು

ಹಾಗಾದರೆ ಬಹುವಚನಕ್ಕೆ ಕೊಕ್ಕೆ ಹಾಕುವ ಚಾಳಿ ನಮ್ಮವರದೇ? ಖಂಡಿತ ಅಲ್ಲ. ಇಂಗ್ಲೆಂಡಿನಲ್ಲಿ ಈ ತಪ್ಪಿಗೆ ಒಂದು ಹೆಸರೇ ಇದೆ: ‘ತರಕಾರಿ ಅಂಗಡಿಯವರ ಅಪಾಸ್ಟ್ರಫಿ’. ಅಲ್ಲಿನ ಅಂಗಡಿಗಳ ಹಲಗೆಯ ಮೇಲೆ ಟೊಮೆಟೊ, ಆಲೂಗಡ್ಡೆಗಳ ಬಹುವಚನಕ್ಕೆ ಕೊಕ್ಕೆ ಹಾಕಿ ಬರೆಯುತ್ತಿದ್ದುದರಿಂದ ಬಂದ ಹೆಸರು. ಶನಿವಾರಸಂತೆಯಲ್ಲಿ ಗೋಣಿ ಹಾಸಿ ತರಕಾರಿ ಮಾರುವವರಿಗೆ ಇದು ಗೊತ್ತಾದರೆ ನಕ್ಕಾರು. ಅವರ ವ್ಯಾಪಾರವೆಲ್ಲ ಬಾಯಿಮಾತಿನದು. ಕೂಗಿಗೆ ಕೊಕ್ಕೆ ಎಲ್ಲಿಂದ ಬರಬೇಕು?

ಇಂಥ ತಪ್ಪುಗಳನ್ನು ಕಂಡು ಬೇಸತ್ತ ಜಾನ್ ರಿಚರ್ಡ್ಸ್ ಎಂಬ ನಿವೃತ್ತ ಪತ್ರಕರ್ತರು 2001ರಲ್ಲಿ ಇಂಗ್ಲೆಂಡಿನಲ್ಲಿ ಅಪಾಸ್ಟ್ರಫಿ ಸಂರಕ್ಷಣೆಗೆಂದೇ ಒಂದು ಸಂಘ ಕಟ್ಟಿದರು. 2019ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಅಜ್ಞಾನ ಮತ್ತು ಸೋಮಾರಿತನ ಗೆದ್ದವೆಂದು ನೊಂದುಕೊಂಡು ಅದನ್ನು ಮುಚ್ಚಿದರು. ಅವರು 2021ರಲ್ಲಿ ತೀರಿಕೊಂಡರು. ಆ ಕೆಲಸವನ್ನು ಬೇರೊಬ್ಬರು ಮುಂದುವರಿಸಿದ್ದಾರೆ. ಈ ನಡುವೆ 2009ರಲ್ಲಿ ಬರ್ಮಿಂಗ್‌ಹ್ಯಾಮ್ ನಗರಾಡಳಿತ ಬೀದಿ ಫಲಕಗಳಲ್ಲಿ ಕೊಕ್ಕೆ ಬಳಸುವುದಿಲ್ಲವೆಂದು ತೀರ್ಮಾನಿಸಿತು. 2012ರಲ್ಲಿ ವಾಟರ್‌ಸ್ಟೋನ್ಸ್ ಎಂಬ ಹೆಸರಾಂತ ಪುಸ್ತಕದಂಗಡಿಯೂ ತನ್ನ ಹೆಸರಿನಿಂದ ಅದನ್ನು ಕಳಚಿಹಾಕಿತು. ಹುಟ್ಟಿದೂರಿನಲ್ಲೇ ಹೀಗಿದ್ದರೆ ಬೇರೆಯವರ ಪಾಡೇನು?

ಪಕ್ಕದ ಡಚ್ಚರನ್ನು ನೋಡಿದರೆ ಇನ್ನೂ ಸೋಜಿಗ. ಸಿ.ಡಿ., ಟಿ.ವಿ.ಗಳಂಥ ಮೊಟಕು ಹೆಸರುಗಳ ಬಹುವಚನಕ್ಕೆ ಕೊಕ್ಕೆ ಹಾಕಿ ‘ಎಸ್’ ಬರೆಯುವುದೇ ಡಚ್ ಭಾಷೆಯಲ್ಲಿ ಸರಿಯಾದ ಕಾಗುಣಿತ. ಇಂಗ್ಲಿಷ್ ಮೇಷ್ಟ್ರು ಕೆಂಪು ಗೆರೆ ಎಳೆಯುವುದಕ್ಕೆ ಡಚ್ ಮೇಷ್ಟ್ರು ಪೂರ್ತಿ ಅಂಕ ಕೊಡುತ್ತಾರೆ!

ಹಳೆಯ ಮೇಷ್ಟ್ರು ತಪ್ಪೇ?

ಕೆಲವು ಮನೆಗಳಲ್ಲಿ ಇನ್ನೊಂದು ಇಕ್ಕಟ್ಟು. ಅಜ್ಜ ಕಲಿತ ಇಂಗ್ಲಿಷಿಗೂ ಮೊಮ್ಮಗಳು ಕಲಿಯುವ ಇಂಗ್ಲಿಷಿಗೂ ತಾಳೆಯಾಗದು. ಅಜ್ಜ ಕೊಕ್ಕೆ ಹಾಕು ಎಂದರೆ ಶಾಲೆಯ ಟೀಚರು ತೆಗೆ ಎನ್ನುತ್ತಾರೆ. ಇಬ್ಬರಲ್ಲಿ ತಪ್ಪು ಯಾರದು? ನಿಜ ಹೇಳಬೇಕೆಂದರೆ ಯಾರದೂ ಅಲ್ಲ. ಅಕ್ಷರಗಳ ನಡುವೆ ಚುಕ್ಕಿ ಇಟ್ಟು ಎಂ.ಎ., ಬಿ.ಎ. ಎಂದು ಬರೆಯುತ್ತಿದ್ದ ಕಾಲದಲ್ಲಿ ಕೊನೆಯ ಚುಕ್ಕಿಯ ನಂತರ ‘ಎಸ್’ ಒಂಟಿಯಾಗಿ ಕಾಣದಿರಲೆಂದು ಕೊಕ್ಕೆ ಹಾಕುವ ರೂಢಿ ಇತ್ತು. ಅಮೆರಿಕದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯೇ ಬಹುಕಾಲ ಮೊಟಕು ಹೆಸರು, ದಶಕಗಳಿಗೆಲ್ಲ ಕೊಕ್ಕೆ ಹಾಕುತ್ತಿತ್ತು. ಚುಕ್ಕಿಗಳು ಉದುರಿದಂತೆ ಕೊಕ್ಕೆಯೂ ಉದುರಿತು. ಬಿಡಿ ಅಕ್ಷರಗಳ ಬಹುವಚನದಲ್ಲಿ, ಇಲ್ಲದಿದ್ದರೆ ಬೇರೆಯೇ ಪದವಾಗಿ ಓದಿಸಿಕೊಂಡೀತು ಎನ್ನುವ ಕಡೆ, ಅದು ಇಂದಿಗೂ ಉಳಿದಿದೆ. ಎಲ್ಲದರ ಹಿಂದಿನ ಸೂತ್ರ ಒಂದೇ: ಓದುವವರು ತಡವರಿಸಬಾರದು.

ನಮ್ಮ ಬರವಣಿಗೆಯ ಕೊಕ್ಕೆ

ಹಾಗೆಂದು ಕನ್ನಡದವರು ಬೀಗುವಂತಿಲ್ಲ. ಇಂಗ್ಲಿಷಿನ ‘ಎಸ್’ ನಮ್ಮ ಮಾತಿನೊಳಗೂ ನುಸುಳಿದೆ. ಫ್ರೆಂಡ್ಸ್‌ಗಳು, ಪೇರೆಂಟ್ಸ್‌ಗಳು, ಲೇಡೀಸ್‌ಗಳು ಎಂದು ಬಹುವಚನದ ಮೇಲೆ ಬಹುವಚನ ಹೇರುವುದನ್ನು ದಿನವೂ ಕೇಳುತ್ತೇವೆ. ಇದು ಕೊಡೆಯ ಮೇಲೆ ಕೊಡೆ ಹಿಡಿದಂತೆ. ಕೊಡಗಿನ ಮಳೆಗೂ ಒಂದೇ ಕೊಡೆ ಸಾಕು. ಒಂದು ‘ಎಸ್’ ಮಾತ್ರ ನಿರಪರಾಧಿ. ಎಸ್.ಎಂ.ಎಸ್. ಎಂಬುದರ ಕೊನೆಯ ‘ಎಸ್’ ಬಹುವಚನದ್ದಲ್ಲ, ‘ಸರ್ವೀಸ್’ ಎಂಬ ಪದದ್ದು. ಹಾಗಾಗಿ ‘ಎಸ್.ಎಂ.ಎಸ್.ಗಳು’ ಸರಿಯೇ.

ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂಬ ಕಾನೂನು 2024ರಲ್ಲಿ ರಾಜ್ಯದಲ್ಲಿ ಬಂದಿತು. ಅಂಗಡಿಗಳ ಇಂಗ್ಲಿಷ್ ಹೆಸರು ಕನ್ನಡ ಲಿಪಿಗೆ ಇಳಿದಾಗ ಏನಾಗುತ್ತದೆ, ಗಮನಿಸಿ. ಕೊಕ್ಕೆ ತಾನಾಗಿಯೇ ಜಾರಿಬೀಳುತ್ತದೆ. ಮೆಕ್‌ಡೊನಾಲ್ಡ್ಸ್ ಎಂದು ಬರೆದಾಗ ಅಲ್ಲಿದ್ದ ಅಪಾಸ್ಟ್ರಫಿಯನ್ನು ಹುಡುಕಿಕೊಂಡು ಹೋದವರಿಲ್ಲ. ಊಟ ತಪ್ಪಿಸಿಕೊಂಡವರೂ ಇಲ್ಲ.

ಇಂಗ್ಲಿಷ್ ಬರೆಯುವಾಗ ಇಂಗ್ಲಿಷಿನ ನಿಯಮ ಪಾಲಿಸಬೇಕು, ಅದು ಆ ಭಾಷೆಗೆ ಸಲ್ಲಿಸುವ ಮರ್ಯಾದೆ. ಆದರೆ ಕೊಕ್ಕೆ ತಪ್ಪಿದ ಮಗುವನ್ನು ದಡ್ಡ ಎನ್ನುವ ಮುನ್ನ ಒಂದು ಗಳಿಗೆ ಯೋಚಿಸಬೇಕು. ಎಂ.ಪಿ.ಗಳು, ಎಂ.ಪಿ.ಯ, ಎಂ.ಪಿ.ಗಳ ಎಂಬ ಮೂರನ್ನೂ ಆ ಮಗು ಮನೆಮಾತಿನಲ್ಲಿ ಯಾವ ಕೊಕ್ಕೆಯ ಹಂಗೂ ಇಲ್ಲದೆ ಬೇರೆ ಮಾಡಿ ಹೇಳಬಲ್ಲದು. ಅರ್ಥ ಅದಕ್ಕೆ ಗೊತ್ತಿದೆ, ಗೊತ್ತಿಲ್ಲದ್ದು ಗುರುತು ಮಾತ್ರ. ‘ಇದನ್ನು ಕನ್ನಡದಲ್ಲಿ ಹೇಳು, ಗಳು ಬಂದರೆ ಕೊಕ್ಕೆ ಬೇಡ’ ಎಂದು ಹೇಳಿಕೊಟ್ಟರೆ ಪಾಠ ಅರ್ಧ ಮುಗಿದಂತೆ. ಮಿಕ್ಕರ್ಧವನ್ನು ಶನಿವಾರದ ಸಂತೆ ಮುಗಿಸಿ ಬಂದ ಮೇಲೆ ನಿಧಾನವಾಗಿ ಕಲಿತರೂ ಆದೀತು.