ಬಾಯೊಳಗಿನ ನೂರು ಗ್ರಾಂ

ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡ ಮಕ್ಕಳು ತಂತಿಯನ್ನು ಹೇಗೋ ಸಹಿಸುತ್ತಾರೆ. ಅವರು ರೇಗುವುದು ಕೆಲವು ತಿಂಗಳ ಮೇಲೆ ಡಾಕ್ಟರು ಕೈಗಿಡುವ ರಬ್ಬರ್ ಪೊಟ್ಟಣದ ಮೇಲೆ. ತಂತಿಯನ್ನು ಬಿಗಿಯುವುದು ಡಾಕ್ಟರ ಕೆಲಸ, ರಬ್ಬರನ್ನು ಹಾಕುವುದೂ ತೆಗೆಯುವುದೂ ನಮ್ಮದೇ. ಡೊಂಬಿವಲಿಯಿಂದ ದಾದರಿಗೆ ಮುಂಬಯಿಯ ಲೋಕಲ್ ರೈಲು ಹಿಡಿದು ಕಾಲೇಜಿಗೆ ಹೋಗುವ ಹುಡುಗಿಯನ್ನೇ ನೋಡಿ. ಸ್ಟೇಷನ್ನಿನಲ್ಲೊಂದು ವಡಾಪಾವ್ ತಿನ್ನಲು ರಬ್ಬರ್ ತೆಗೆಯುತ್ತಾಳೆ, ತಿಂದಾದ ಮೇಲೆ ಆ ನೂಕುನುಗ್ಗಲಿನಲ್ಲಿ ಬಾಯಿಗೆ ಬೆರಳು ಹಾಕಲು ಸಂಕೋಚ. ಸಂಜೆಯವರೆಗೂ ಹಾಗೇ. ರಾತ್ರಿ ಮತ್ತೆ ಸಿಕ್ಕಿಸಿಕೊಂಡಾಗ ದವಡೆಯೆಲ್ಲ ಹಿಂಡಿದಂತೆ ನೋವು. ಅವಳು ಬೈಯುವುದು ರಬ್ಬರಿಗೆ. ಬೈಯಬೇಕಾದದ್ದು ಹಗಲಿನ ಆ ಬಿಡುವಿಗೆ.

ಹೇಗೆಂದು ನೋಡಲು ಪೊಟ್ಟಣದಿಂದಲೇ ಶುರುಮಾಡೋಣ. ಅದರ ಮೇಲೆ ಎರಡು ಅಳತೆಗಳಿರುತ್ತವೆ, ಉದಾಹರಣೆಗೆ ಕಾಲು ಇಂಚು ಮತ್ತು 3.5 ಔನ್ಸ್. ಮೊದಲನೆಯದು ಉಂಗುರದ ಒಳವ್ಯಾಸ, 6.35 ಮಿಲಿಮೀಟರ್. ಅದನ್ನು ಮೂರು ಪಟ್ಟು, ಅಂದರೆ ಸುಮಾರು 19 ಮಿಲಿಮೀಟರಿಗೆ ಹಿಗ್ಗಿಸಿದಾಗ ಎಷ್ಟು ಬಲದಿಂದ ಎಳೆಯುತ್ತದೆ ಎಂಬುದು ಎರಡನೆಯದು. 3.5 ಔನ್ಸ್ ಎಂದರೆ ಸುಮಾರು ನೂರು ಗ್ರಾಂ; ತರಕಾರಿ ಗಾಡಿಯವನು ಹಸಿಮೆಣಸು ತೂಗಲು ತಕ್ಕಡಿಗಿಡುವ ಪುಟ್ಟ ಬಟ್ಟಿನಷ್ಟು. ಆರ್ಮ್‌ಕೋ ಕಂಪನಿಯವರು ಒಂದೊಂದು ಅಳತೆಗೆ ಒಂದೊಂದು ಪ್ರಾಣಿಯ ಹೆಸರಿಟ್ಟಿದ್ದಾರೆ: ಮೊಲ, ನರಿ, ಕಾಂಗರೂ. ‘ಡಾಕ್ಟ್ರೇ, ನನ್ನ ನರಿ ಮುಗೀತು’ ಎಂದು ಕಾಲೇಜು ಹುಡುಗನೊಬ್ಬ ಫೋನು ಮಾಡಿದರೆ ಪಕ್ಕದಲ್ಲಿದ್ದವರು ಏನೆಂದುಕೊಂಡಾರು!

ಮೇಲಿನ ಹಲ್ಲುಗಳು ಮುಂದೆ ಚಾಚಿದ್ದರೆ ಮೇಲಿನ ಕೋರೆಹಲ್ಲಿನ ಕೊಕ್ಕೆಯಿಂದ ಕೆಳಗಿನ ದವಡೆಹಲ್ಲಿಗೆ ರಬ್ಬರ್ ಹಾಕುತ್ತಾರೆ. ಮೇಲಿನ ಸಾಲು ಹಿಂದಕ್ಕೂ ಕೆಳಗಿನದು ಮುಂದಕ್ಕೂ ಸರಿಯುತ್ತದೆ. ಕೆಳಗಿನ ಸಾಲೇ ಚಾಚಿದ್ದರೆ ಇದರ ತಿರುವುಮುರುವು. ಈ ಉಪಾಯ ಹೊಸದೇನಲ್ಲ. 1890ರ ದಶಕದಲ್ಲೇ ಅಮೆರಿಕದ ಹೆನ್ರಿ ಬೇಕರ್ ಬಳಸಿದ್ದ ಇದನ್ನು ಎಡ್ವರ್ಡ್ ಆಂಗಲ್ ಎಂಬ ಖ್ಯಾತ ದಂತವೈದ್ಯ ಬೇಕರನ ಹೆಸರಿನಲ್ಲೇ ಪ್ರಚಾರಕ್ಕೆ ತಂದ.

ಈ ಉಂಗುರಗಳಲ್ಲಿ ಹೆಚ್ಚಿನವು ರಬ್ಬರ್ ಮರದ ಹಾಲಿನಿಂದಲೇ ಆದವು. ಮುಂಬಯಿಯ ಎಷ್ಟೋ ಕನ್ನಡ, ತುಳು ಮನೆಗಳ ಹಿರಿಯರಿಗೆ ಸುಳ್ಯ–ಪುತ್ತೂರಿನ ತೋಟಗಳಲ್ಲಿ ನಸುಕಿಗೆ ತೊಗಟೆ ಗೀರಿದಾಗ ಗೆರಟೆಗೆ ತೊಟ್ಟಿಕ್ಕುವ ಆ ಬಿಳಿ ಹಾಲು ಗೊತ್ತೇ ಇದೆ. ಅಂಥದೇ ಹಾಲಿಗೆ ಗಂಧಕ ಸೇರಿಸಿ, ತೆಳ್ಳನೆಯ ಕೊಳವೆ ಮಾಡಿ ಹದಗೊಳಿಸಿ, ಬಿಲ್ಲೆಬಿಲ್ಲೆಯಾಗಿ ಕತ್ತರಿಸಿದರೆ ಉಂಗುರ ಸಿದ್ಧ. ಆದರೆ ಬೆಚ್ಚಗಿನ ಜೊಲ್ಲಿನಲ್ಲಿ ಹಿಗ್ಗಿ ನಿಂತ ರಬ್ಬರು ಬೇಗ ಸೋಲುತ್ತದೆ. ಬಲದಲ್ಲಿ ಗಣನೀಯ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಇಳಿದುಹೋಗುತ್ತದೆ. ತುಂಡಾಗದಿದ್ದರೂ ದಿನಕ್ಕೊಮ್ಮೆಯಾದರೂ ಬದಲಿಸಿ ಎನ್ನುವುದು ಇದಕ್ಕೇ.

ಇನ್ನು ನೋವಿನ ವಿಷಯ. ಹಲ್ಲು ಎಲುಬಿಗೆ ನೇರವಾಗಿ ಅಂಟಿಕೊಂಡಿಲ್ಲ. ಎರಡರ ನಡುವೆ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ದಪ್ಪದ ನಾರಿನ ಪದರವಿದೆ. ಅದರ ತುಂಬ ರಕ್ತನಾಳ, ನರ. ರಬ್ಬರ್ ಎಳೆದಾಗ ಈ ಪದರ ಒಂದು ಕಡೆ ಒತ್ತಿಕೊಳ್ಳುತ್ತದೆ, ಇನ್ನೊಂದು ಕಡೆ ಜಗ್ಗುತ್ತದೆ. ಅಲ್ಲಿನ ಜೀವಕೋಶಗಳು ಪ್ರೊಸ್ಟಾಗ್ಲಾಂಡಿನ್ ಮುಂತಾದ ರಾಸಾಯನಿಕಗಳನ್ನು ಸುರಿಸುತ್ತವೆ. ಒತ್ತಿದ ಕಡೆ ಎಲುಬು ತಿನ್ನುವ ಕೋಶಗಳು, ಜಗ್ಗಿದ ಕಡೆ ಎಲುಬು ಕಟ್ಟುವ ಕೋಶಗಳು ಕೆಲಸಕ್ಕಿಳಿಯುತ್ತವೆ. ಹಲ್ಲು ತಿಂಗಳಿಗೆ ಸುಮಾರು ಒಂದು ಮಿಲಿಮೀಟರ್ ಸರಿಯುತ್ತದೆ. ಹಲ್ಲನ್ನು ಸರಿಸುವ ಅದೇ ರಾಸಾಯನಿಕಗಳು ನರವನ್ನೂ ಕೆಣಕುತ್ತವೆ. ನೋವು ಹಾಕಿದ ಕೂಡಲೇ ಬರುವುದಿಲ್ಲ. ಕೆಲವು ಗಂಟೆ ಬಿಟ್ಟು ಶುರುವಾಗಿ, ಮರುದಿನ ತಾರಕಕ್ಕೇರಿ, ಸಾಮಾನ್ಯವಾಗಿ ವಾರದೊಳಗೆ ಇಳಿಯುತ್ತದೆ. ಎಳೆತ ಬಿಡದೆ ಇದ್ದರೆ ಈ ಮೊದಲ ದಿನಗಳನ್ನು ಒಮ್ಮೆ ದಾಟಿದರೆ ಸಾಕು. ಅರ್ಧ ದಿನ ಬಿಟ್ಟು ಅರ್ಧ ದಿನ ಹಾಕುವವರು ಆ ಮೊದಲ ದಿನವನ್ನೇ ಮತ್ತೆ ಮತ್ತೆ ಅನುಭವಿಸುತ್ತಾರೆ, ಹಲ್ಲು ಮಾತ್ರ ನಿಧಾನವಾಗಿ ಸರಿಯುತ್ತದೆ. ದಿನಕ್ಕೆ 20–22 ಗಂಟೆ ಎಂಬ ಡಾಕ್ಟರ ಹಟ ನನಗೂ ಮೊದಲು ಅತಿಯೆನಿಸುತ್ತಿತ್ತು. ಈ ಲೆಕ್ಕ ನೋಡಿದ ಮೇಲೆ ಹಾಗನಿಸುವುದಿಲ್ಲ.

ಬೇಗ ಮುಗಿಯಲಿ ಎಂದು ಎರಡು ರಬ್ಬರ್ ಒಟ್ಟಿಗೆ ಹಾಕುವವರಿದ್ದಾರೆ. ಬಲ ಮಿತಿಮೀರಿದರೆ ಒತ್ತಿದ ಕಡೆ ರಕ್ತದ ಹರಿವೇ ನಿಂತು ಅಂಗಾಂಶ ಸಾಯುತ್ತದೆ. ಎಲುಬು ತಿನ್ನುವ ಕೋಶಗಳು ಅಲ್ಲಿಗೆ ಬರಲಾರದೆ ಹಿಂದಿನಿಂದ ಕೊರೆಯತೊಡಗುತ್ತವೆ. ನೋವು ಹೆಚ್ಚು, ಚಲನೆ ನಿಧಾನ, ಬೇರಿಗೂ ಅಪಾಯ.

ನೋವಿರುವ ಮೊದಲ ಒಂದೆರಡು ದಿನ ಇಡ್ಲಿ, ಗಂಜಿ, ಮೊಸರನ್ನ. ತಣ್ಣೀರು ಹಿತ. ಕೊಕ್ಕೆ ಕೆನ್ನೆಗೆ ತರಚಿದರೆ ಡಾಕ್ಟರು ಕೊಡುವ ಮೇಣ ಹಚ್ಚಿ, ಬೆಚ್ಚನೆಯ ಉಪ್ಪುನೀರು ಮುಕ್ಕಳಿಸಿ. ಮಾತ್ರೆ ಬೇಕೇ ಬೇಕೆಂದರೆ ಡಾಕ್ಟರನ್ನು ಕೇಳಿಯೇ ನುಂಗಿ. ಐಬುಪ್ರೊಫೆನ್ ಪ್ರೊಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುವುದರಿಂದ ಅನೇಕರು ಪ್ಯಾರಾಸಿಟಮಾಲ್ ಬರೆದುಕೊಡುತ್ತಾರೆ. ಆಕಳಿಸುವಾಗ ಬಾಯಿ ಅಗಲವಾದಷ್ಟೂ ಎಳೆತ ಏರುತ್ತದೆ, ಕೈ ಅಡ್ಡ ಹಿಡಿಯುವುದಕ್ಕೆ ಇದೂ ಒಂದು ಕಾರಣವಾಗಲಿ. ಚೀಲದಲ್ಲೊಂದು ಹೆಚ್ಚುವರಿ ಪೊಟ್ಟಣವಿರಲಿ, ಬಿಸಿಲಿಗಿಡಬೇಡಿ. ಬಿಸಿಲಿಗೆ ರಬ್ಬರು ಬಿರುಕು ಬಿಡುತ್ತದೆ. ತುಟಿ, ಬಾಯಿ ತುರಿಸಿ ಊದಿಕೊಂಡರೆ ಅದು ರಬ್ಬರ್ ಹಾಲಿನ ಅಲರ್ಜಿ ಇರಬಹುದು. ತಕ್ಷಣ ತೆಗೆದು ಡಾಕ್ಟರಿಗೆ ಹೇಳಿ, ಆ ಹಾಲಿಲ್ಲದ ಉಂಗುರಗಳೂ ಇವೆ.

ಕ್ಲಿಪ್ಪಿನ ಖರ್ಚಿಗೆ ಹೆದರಿ, ಮುಂದಿನ ಎರಡು ಹಲ್ಲುಗಳ ಸಂದು ಮುಚ್ಚಲು ಬರೀ ರಬ್ಬರ್ ಸುತ್ತಿಕೊಳ್ಳುವವರನ್ನು ಕಂಡರೆ ಮಾತ್ರ ಭಯವಾಗುತ್ತದೆ. ಕೊಕ್ಕೆಯ ಆಸರೆಯಿಲ್ಲದ ಉಂಗುರ ತುದಿಯತ್ತ ಚೂಪಾಗುವ ಬೇರಿನ ಗುಂಟ ಒಸಡಿನೊಳಕ್ಕೆ ಜಾರಿ ಕಣ್ಮರೆಯಾಗುತ್ತದೆ. ಸುತ್ತಲಿನ ಎಲುಬು ಕರಗಿ ಗಟ್ಟಿಮುಟ್ಟಾದ ಹಲ್ಲುಗಳೇ ಕಳಚಿಬಿದ್ದ ಪ್ರಕರಣಗಳು ದಂತವೈದ್ಯಕೀಯದಲ್ಲಿ ದಾಖಲಾಗಿವೆ. ಖರ್ಚೇ ಅಡ್ಡಿಯಾಗಿದ್ದರೆ ಮುಂಬಯಿ ಸೆಂಟ್ರಲ್ ಬಳಿ ಮಹಾನಗರಪಾಲಿಕೆಯ ನಾಯರ್ ದಂತ ಕಾಲೇಜಿದೆ, ಸೇಂಟ್ ಜಾರ್ಜ್ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ದಂತ ಕಾಲೇಜಿದೆ. ಸರದಿಯಲ್ಲಿ ಕಾಯಬೇಕಾದೀತು, ಸಾಲು ಬಲು ಉದ್ದ.