ಬರೀ ಫ್ಲೂ ಅಲ್ಲ: ನಮ್ಮ ಜೀವಕೋಶದ ಅಲಾರಂ ಆಫ್ ಮಾಡುವ ವೈರಸ್

ಮಳೆಗಾಲದಲ್ಲಿ ಕುಮಾರಸ್ವಾಮಿ ಲೇಔಟ್‌ನ ಯಾವ ಕ್ಲಿನಿಕ್‌ಗೆ ಹೋದರೂ ಒಂದೇ ಮಾತು: 'ವೈರಲ್ ಫೀವರ್, ನಾಲ್ಕು ದಿನದಲ್ಲಿ ಹೋಗುತ್ತೆ.' ಹೆಚ್ಚಿನವರಿಗೆ ಹೋಗುತ್ತೆ ಕೂಡ. ಆದರೆ 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ 82 ವರ್ಷದ ಹಿರಿಯರೊಬ್ಬರು ಎಚ್3ಎನ್2 ಸೋಂಕಿನಿಂದ ತೀರಿಕೊಂಡರು. ಒಬ್ಬರಿಗೆ ಪ್ಯಾರಾಸಿಟಮಾಲ್ ಸಾಕು, ಇನ್ನೊಬ್ಬರಿಗೆ ಐಸಿಯು ಬೇಕು. ಯಾಕೆ?

ವಯಸ್ಸು, ಸಕ್ಕರೆ ಕಾಯಿಲೆ ಉತ್ತರದ ಅರ್ಧ ಮಾತ್ರ. ಉಳಿದರ್ಧ ವೈರಸ್‌ನ ಒಳಗಿದೆ.

ಹೆಸರಿನಲ್ಲಿರುವ ಎಚ್ ಮತ್ತು ಎನ್ ವೈರಸ್‌ನ ಮೈಮೇಲಿನ ಪ್ರೋಟೀನ್‌ಗಳು. ಒಂದು ಜೀವಕೋಶದೊಳಗೆ ನುಗ್ಗಲು, ಇನ್ನೊಂದು ಹೊರಬರಲು. ನಿಜವಾದ ಕಿತಾಪತಿ ಶುರುವಾಗೋದು ಒಳಗೆ ಹೋದ ಮೇಲೆ.

ನಮ್ಮ ಕೋಶದಲ್ಲಿ ರಿಗ್-ಐ ಅನ್ನೋ ಸೆನ್ಸರ್ ಇದೆ. ವೈರಸ್‌ನ ಆರ್‌ಎನ್‌ಎ ಕಂಡರೆ ಅದು ಟ್ರಿಮ್25 ಎಂಬ ಪ್ರೋಟೀನ್ ನೆರವಿನಿಂದ ಆನ್ ಆಗಿ, ಇಂಟರ್‌ಫೆರಾನ್ ತಯಾರಿಸುವಂತೆ ಸಿಗ್ನಲ್ ಕಳಿಸುತ್ತೆ. ಅಕ್ಕಪಕ್ಕದ ಕೋಶಗಳಿಗೆ 'ಹುಷಾರು' ಅನ್ನೋ ಸಂದೇಶ ಅದು. ವೈರಸ್‌ನ ಎನ್‌ಎಸ್1 ಪ್ರೋಟೀನ್ ನೇರವಾಗಿ ಟ್ರಿಮ್25 ಅನ್ನೇ ಹಿಡಿದುಕೊಳ್ಳುತ್ತೆ. ಕಳ್ಳ ಮೊದಲು ಅಲಾರಂ ವೈರ್ ಕತ್ತರಿಸಿದ ಹಾಗೆ. ಅಲಾರಂ ತಡವಾಗಿ ಹೊಡೆದುಕೊಳ್ಳುವಷ್ಟರಲ್ಲಿ ವೈರಸ್ ಹಬ್ಬಿರುತ್ತೆ. ಆಗ ದೇಹದ ಪ್ರತಿದಾಳಿ ಮಿತಿಮೀರಿ ಶ್ವಾಸಕೋಶಕ್ಕೇ ಪೆಟ್ಟಾಗಬಹುದು.

ಇನ್ನೊಂದು ಪ್ರೋಟೀನ್ ಪಿಬಿ1-ಎಫ್2. ಇದು ಕೋಶದ ಪವರ್‌ಹೌಸ್ ಆದ ಮೈಟೊಕಾಂಡ್ರಿಯಾಗೆ ಕೈ ಹಾಕುತ್ತೆ. ಇದರ 66ನೇ ಸ್ಥಾನದಲ್ಲಿ ಒಂದೇ ಒಂದು ಅಮೈನೊ ಆಮ್ಲ ಬದಲಾದರೆ ಇಲಿಗಳಲ್ಲಿ ಕಾಯಿಲೆ ತೀವ್ರವಾಗುತ್ತೆ. 1918ರ ಮಹಾಮಾರಿಯ ವೈರಸ್‌ನಲ್ಲಿ ಈ ಬದಲಾವಣೆ ಇತ್ತು. 2009ರ ಎಚ್1ಎನ್1ನಲ್ಲಿ ಈ ಪ್ರೋಟೀನ್ ಪೂರ್ತಿಯಾಗಿ ತಯಾರಾಗುತ್ತಲೇ ಇರಲಿಲ್ಲ. ಹಾಗಂತ 2009ರಲ್ಲಿ ಯಾರೂ ಸಾಯಲಿಲ್ಲ ಅಂತಲ್ಲ. ತೀವ್ರತೆ ಒಂದೇ ಜೀನ್‌ನ ಆಟ ಅಲ್ಲ.

ಇದರಲ್ಲಿ ರಾಜಕೀಯ ಎಲ್ಲಿದೆ? 'ಎಚ್3ಎನ್2 ಪಾಸಿಟಿವ್' ಅನ್ನೋ ರಿಪೋರ್ಟ್ ವೈರಸ್‌ನ ಅಂಗಿಯ ಬಣ್ಣ ಹೇಳುತ್ತೆ, ಜೇಬಿನಲ್ಲಿರುವ ಆಯುಧ ಹೇಳಲ್ಲ. ಅದು ಗೊತ್ತಾಗಬೇಕಾದರೆ ವೈರಸ್‌ನ ಎಂಟೂ ಜೀನ್ ತುಣುಕುಗಳ ಸೀಕ್ವೆನ್ಸಿಂಗ್ ಆಗಬೇಕು, ಬೆಂಗಳೂರಿನ ಸ್ಯಾಂಪಲ್‌ಗಳದ್ದಷ್ಟೇ ಅಲ್ಲ, ಜಿಲ್ಲೆಗಳದ್ದೂ. ಆಂಟಿವೈರಲ್ ಮಾತ್ರೆ ಮೊದಲ 48 ಗಂಟೆಯಲ್ಲಿ ಕೊಟ್ಟರೇ ಹೆಚ್ಚು ಉಪಯೋಗ. ಅಂದರೆ ಟೆಸ್ಟ್ ಹತ್ತಿರದಲ್ಲೇ, ಬೇಗ ಸಿಗಬೇಕು. ಫ್ಲೂ ಲಸಿಕೆಯೋ, ದೇಶದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲೇ ಇಲ್ಲ, ದುಡ್ಡಿದ್ದವರು ಹಾಕಿಸಿಕೊಳ್ಳುತ್ತಾರೆ.

ಅಲಾರಂ ಕೆಡಿಸೋದು ವೈರಸ್‌ನ ಕೆಲಸ. ಕೆಟ್ಟಿದ್ದನ್ನು ಬೇಗ ಪತ್ತೆಹಚ್ಚೋದು ಸರ್ಕಾರದ ಕೆಲಸ. ಮುಂದಿನ ಸಲ ವೋಟು ಕೇಳಲು ಬಂದವರಿಗೆ ಇದನ್ನೂ ಕೇಳಿ.