ಅಣು ಗೋಡೆಗೆ ಬಡಿದಾಗ ಶಕ್ತಿ ಎಲ್ಲಿ ಹೋಗುತ್ತೆ?

ದಸರಾ ರಜೆಗೆ ನಾವು ಮೂರು ಜನ ತರೀಕೆರೆಯ ಫ್ರೆಂಡ್ ಮನೆಗೆ ಹೋಗಿದ್ವಿ. ಅಡಿಕೆ ಸುಲಿಯೋ ಸಮಯ. ಅಂಗಳದಲ್ಲಿ ಕ್ರಿಕೆಟ್ ಆಡುವಾಗ ಸಿಮೆಂಟ್ ಮೇಲೆ ಬಿದ್ದ ಚೆಂಡು ಸೊಂಟದವರೆಗೆ ಪುಟಿಯುತ್ತಿತ್ತು. ಪಕ್ಕದ ಅಡಿಕೆ ಸಿಪ್ಪೆ ರಾಶಿಗೆ ಬಿದ್ದರೆ ಅಲ್ಲೇ ತೆಪ್ಪಗಾಗುತ್ತಿತ್ತು. ಶಕ್ತಿ ಸಿಪ್ಪೆಗಳನ್ನು ಅಲುಗಾಡಿಸಿ ಹಂಚಿಹೋಯ್ತು, ಅಷ್ಟೇ. ಚೆಂಡಿನ ಬದಲು ಒಂದು ಅಣು ಬಡಿದರೆ?

ಇದು ಬರೀ ಎಕ್ಸಾಂ ಪ್ರಶ್ನೆ ಅಲ್ಲ. ಕಡೂರಿನಿಂದ ತರೀಕೆರೆ ಮೇಲೆ ಶಿವಮೊಗ್ಗಕ್ಕೆ ಹೋಗೋ ಹೆದ್ದಾರಿಯಲ್ಲಿ ಓಡುವ ಪೆಟ್ರೋಲ್ ಕಾರುಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ. ಹೊಗೆಯಲ್ಲಿರುವ ನೈಟ್ರಿಕ್ ಆಕ್ಸೈಡ್ ಅಣು ಅದರೊಳಗಿನ ರೋಡಿಯಂ ಲೋಹಕ್ಕೆ ಬಡಿದು, ಅಂಟಿಕೊಂಡು, ಒಡೆದಾಗಲೇ ವಿಷ ಕಳೆದು ನೈಟ್ರೋಜನ್ ಆಗೋದು. ಅಂಟಬೇಕಾದರೆ ಮೊದಲು ಶಕ್ತಿ ಕಳೆದುಕೊಳ್ಳಬೇಕು. ಇಲ್ಲದಿದ್ದರೆ ಚೆಂಡಿನಂತೆ ಪುಟಿದು ವಾಪಸ್.

ನಮ್ಮ ಮಿನಿ ಪ್ರಾಜೆಕ್ಟಿನಲ್ಲಿ ಇದನ್ನೇ ಪೈಥಾನ್‌ನಲ್ಲಿ ಮಾಡಿದ್ವಿ. ಪರಮಾಣುಗಳೆಲ್ಲ ಗೋಲಿಗಳು, ನಡುವೆ ಸ್ಪ್ರಿಂಗ್‌ಗಳು. ರೋಡಿಯಂ ಮೇಲೆ ಅಣು ಒಡೆಯುತ್ತೆ, ಲೆಕ್ಕ ಕಷ್ಟ. ಅದಕ್ಕೇ ಒಡೆಯದ ಚಿನ್ನವನ್ನು ಆರಿಸಿಕೊಂಡ್ವಿ. ಜೋರಾಗಿ ಕಂಪಿಸುತ್ತಿದ್ದ ಅಣುವನ್ನು ಚಿನ್ನಕ್ಕೆ ಬಡಿಸಿದರೆ ಕಂಪನ ಹೆಚ್ಚುಕಡಿಮೆ ಹಾಗೇ ಉಳಿಯಿತು. ಕಾರಣವೂ ಸರಿಯಾಗಿತ್ತು: ಭಾರದ ಚಿನ್ನದ ಪರಮಾಣುಗಳು ನಿಧಾನ, ಅಣುವಿನ ಕಂಪನ ಅದಕ್ಕಿಂತ ಹಲವು ಪಟ್ಟು ವೇಗ. ತಾಳ ಕೂಡದಿದ್ದರೆ ಶಕ್ತಿ ದಾಟಲ್ಲ.

ಆದರೆ 2000ದಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಬಾರ್ಬರಾದಲ್ಲಿ ಅಲೆಕ್ ವೊಡ್ಕೆ ತಂಡ ಪ್ರಕಟಿಸಿದ ಪ್ರಯೋಗ ಬೇರೆಯೇ ಹೇಳುತ್ತೆ. 15ನೇ ಕಂಪನ ಮಟ್ಟಕ್ಕೆ ಏರಿಸಿದ ನೈಟ್ರಿಕ್ ಆಕ್ಸೈಡ್ ಚಿನ್ನಕ್ಕೆ ಬಡಿದಾಗ ಒಂದೇ ಏಟಿಗೆ ಹಲವು ಮಟ್ಟ ಕೆಳಗಿಳಿಯಿತು. ಲಿಥಿಯಂ ಫ್ಲೋರೈಡ್ ಹರಳಿಗೆ ಬಡಿದಾಗ ಹಾಗೆ ಇಳಿಯಲಿಲ್ಲ.

ನಮಗೆ ಸುಲಭದ ದಾರಿಯೊಂದಿತ್ತು: ಸ್ಪ್ರಿಂಗ್ ಸ್ಥಿರಾಂಕ ತಿರುಚಿ ಗ್ರಾಫ್ ಹೊಂದಿಸೋದು. ಒಂದು ರಾತ್ರಿ ಹಾಗೆ ಮಾಡಿಯೂ ನೋಡಿದ್ವಿ. ಉತ್ತರ ಹತ್ತಿರ ಬಂತು, ಆದರೆ ಅದು ಚಿನ್ನವಾಗಿ ಉಳಿದಿರಲಿಲ್ಲ!

ನಾವು ಮರೆತಿದ್ದು ಎಲೆಕ್ಟ್ರಾನ್‌ಗಳನ್ನ. ಲೋಹದಲ್ಲಿ ಎಲೆಕ್ಟ್ರಾನ್ ಮಟ್ಟಗಳು ಒತ್ತೊತ್ತಾಗಿವೆ, ಎಷ್ಟು ಚಿಕ್ಕ ಪಾಲು ಕೊಟ್ಟರೂ ತಗೊಳ್ಳುತ್ತವೆ. ಲಿಥಿಯಂ ಫ್ಲೋರೈಡ್‌ನಲ್ಲಿ ಮೊದಲ ಮೆಟ್ಟಿಲೇ 10 ಎಲೆಕ್ಟ್ರಾನ್ ವೋಲ್ಟ್‌ಗಿಂತ ಎತ್ತರ. ಅಣುವಿನ ಬಳಿ ಇರೋದು ಸುಮಾರು 3. ಚಿನ್ನದ ಹತ್ತಿರ ಅಣುವಿನ ಬಂಧ ಹಿಗ್ಗಿದಾಗ ಲೋಹದ ಎಲೆಕ್ಟ್ರಾನ್ ಅದರೊಳಗೆ ಹಾರುತ್ತೆ, ವಾಪಸ್ ಹೋಗುವಾಗ ಕಂಪನದ ಶಕ್ತಿ ಹೊತ್ತೊಯ್ಯುತ್ತೆ.

ಎಲೆಕ್ಟ್ರಾನ್‌ಗಳು ನ್ಯೂಕ್ಲಿಯಸ್ ಹಿಂದೆ ತಕ್ಷಣ ಹೊಂದಿಕೊಂಡು ಸಾಗುತ್ತವೆ ಅನ್ನೋದು ಕೆಮಿಸ್ಟ್ರಿಯಲ್ಲಿ ಓದಿದ ಬಾರ್ನ್–ಒಪೆನ್‌ಹೈಮರ್ ಅಂದಾಜು. ಅದು ಇಲ್ಲಿ ಮುರಿದುಬೀಳುತ್ತೆ. ಹಾಗಾಗಿ 2009ರಲ್ಲಿ ಶೆನ್ವಿ, ರಾಯ್, ಟಲಿ ಎಂಬ ಮೂವರು ಎಲೆಕ್ಟ್ರಾನ್‌ಗಳಿಗೆ ಕ್ವಾಂಟಂ ನಿಯಮ, ಪರಮಾಣುಗಳಿಗೆ ನ್ಯೂಟನ್ ನಿಯಮ ಇಟ್ಟು, ಎಲೆಕ್ಟ್ರಾನ್ ಒಂದು ಮಟ್ಟದಿಂದ ಇನ್ನೊಂದಕ್ಕೆ ಜಿಗಿಯೋಕೆ ಅವಕಾಶ ಕೊಟ್ಟರು. ಮುಂದಿನ ಪ್ರಯೋಗಗಳಿಗೆ ಅದೂ ಪೂರ್ತಿ ಹೊಂದಲಿಲ್ಲ. ಮಾದರಿಗಳನ್ನು ತಿದ್ದೋ ಕೆಲಸ ಇನ್ನೂ ನಡೀತಿದೆ.

ನಮ್ಮ ರಿಪೋರ್ಟ್‌ನಲ್ಲಿ ಕೊನೆಗೆ ತಿರುಚದ ಗ್ರಾಫನ್ನೇ ಹಾಕಿ, ಯಾಕೆ ತಪ್ಪು ಅಂತ ಕೆಳಗೆ ಬರೆದ್ವಿ. ಮಾರ್ಕ್ಸ್ ಸ್ವಲ್ಪ ಹೋಯ್ತು. ಕೋಡ್ ನಮ್ಮ ಹತ್ರ ಇದೆ, ಎಲೆಕ್ಟ್ರಾನ್ ಸೇರಿಸೋ ಧೈರ್ಯ ಇರೋರು ಕ್ಲಬ್ ರೂಮಿಗೆ ಬನ್ನಿ.